ನಮ್ಮ ಮುಖ್ಯಸ್ಥರ ಕೈಗೆ ತೆಂಗಿನಕಾಯಿ

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ತುಂಬಿದ ಸಭೆಯಲ್ಲಿ ನನ್ನ ಗುರುಗಳು ನನ್ನ ಬಗ್ಗೆ ಒಂದು ಮಾತು ಆಡಿದರು. "ಈ ಹುಡುಗನ ಕೈಗೆ ಒಂದು ಪೆಟ್ಟಿಗೆ ಕೊಟ್ಟರೆ ಸಾಕು, ನೆಲದೊಳಗೆ ರೇಡಿಯೋ ಹಾಡ್ತಿದೆ ಅಂತಾನೆ." ಎಲ್ಲರೂ ನಕ್ಕರು. ಅವರು ಕೂತಿದ್ದ ಕುರ್ಚಿಯ ಒಂದು ಕೈ ಮುರಿದಿತ್ತು. ಕಿಟಕಿಯ ಹೊರಗೆ ಜವಾನ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಇಷ್ಟು ಸ್ಪಷ್ಟವಾಗಿ ನೆನಪಿರುವುದಕ್ಕೇ ನನಗೆ ಈಗ ಅನುಮಾನ. ನನ್ನ ಕಸುಬಿನಲ್ಲಿ, ಗ್ರಾಫಿನ ಮೇಲೆ ಬಿಂದುಗಳೆಲ್ಲ ತೀರ ಸರಾಗವಾಗಿ ಕೂತುಬಿಟ್ಟರೆ ಎಲ್ಲೋ ತಂತಿ ತಾಗಿದೆಯೇನೋ ಎಂದು ಹೋಗಿ ನೋಡಬೇಕು. ಆ ಸಭೆಯನ್ನು ಹಾಗೆ ಮತ್ತೆ ಹೋಗಿ ನೋಡಲಾಗುವುದಿಲ್ಲ. ನಗು ಮಾತ್ರ ಸುಳ್ಳಲ್ಲ. ಮಾರನೆಯ ದಿನದಿಂದ ಇಡೀ ಆವರಣ ನನ್ನನ್ನು 'ರೇಡಿಯೋ ಮೇಷ್ಟ್ರು' ಎಂದು ಕರೆಯಿತು.

ನಮ್ಮದು ವಿಶ್ವವಿದ್ಯಾನಿಲಯದ ಒಂದು ಪುಟ್ಟ ಸ್ನಾತಕೋತ್ತರ ಕೇಂದ್ರ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಬಂಡೆಯ ದಿಬ್ಬದ ಮೇಲಿತ್ತು. ಮೊದಲು ಅಲ್ಲಿ ರೈತರ ತರಬೇತಿ ಶಿಬಿರ ನಡೆಯುತ್ತಿತ್ತಂತೆ. ಕೇಂದ್ರ ಬರುತ್ತದೆಂದು ಗೊತ್ತಾದಾಗ ಸುತ್ತಲ ಹಳ್ಳಿಯವರು ಗಾಡಿಗಟ್ಟಲೆ ಕಲ್ಲು, ಮರಳು ತಂದು ಸುರಿದು, ಹಳೆಯ ಹೆಂಚಿನ ಕೊಠಡಿಗಳ ಪಕ್ಕದಲ್ಲಿ ಎರಡು ಹೊಸ ಸಾಲು ಎಬ್ಬಿಸಿಕೊಟ್ಟಿದ್ದರು. ನಾಲ್ಕೇ ವಿಭಾಗಗಳು. ನಮ್ಮ ಭೂವಿಜ್ಞಾನ ವಿಭಾಗಕ್ಕೆ ಹಿಂದೆ ಬೀಜದ ಉಗ್ರಾಣವಾಗಿದ್ದ ಕೋಣೆ ಸಿಕ್ಕಿತ್ತು. ಮೊದಲ ವರ್ಷ ಕಲ್ಲಿನ ಮಾದರಿಗಳ ಪೆಟ್ಟಿಗೆ ತೆರೆದರೆ ಭತ್ತದ ಹೊಟ್ಟಿನ ವಾಸನೆ ಬರುತ್ತಿತ್ತು.

ದಿಬ್ಬದ ಕೆಳಗೆ ನಾಲೆ, ಗದ್ದೆ, ಕಬ್ಬು. ಮೇಲೆ ನಮಗೆ ಕುಡಿಯುವುದಕ್ಕೆ ನೀರಿರಲಿಲ್ಲ. ಶಿಬಿರದ ಕಾಲದ ಬಾವಿ ಆ ಬೇಸಿಗೆಯಲ್ಲಿ ಪೂರ್ತಿ ಒಣಗಿತು. ಹಾಸ್ಟೆಲಿನ ಅಡುಗೆಯಾತ, ಬೆಳಕವಾಡಿ ಕಡೆಯವನು, ಎತ್ತಿನ ಗಾಡಿಯ ಮೇಲೆ ಡ್ರಮ್ಮಿಟ್ಟುಕೊಂಡು ಕೆಳಗಿನ ತೋಟದ ಬಾವಿಯಿಂದ ನೀರು ಹೊರುತ್ತಿದ್ದ. ಅವನ ಬೈಗುಳ ದಿಬ್ಬ ಹತ್ತುವ ಎತ್ತಿಗೋ ನಮಗೋ ಹೇಳುವುದು ಕಷ್ಟ. ಮುಖ್ಯ ಆವರಣದಿಂದ ಬಂದ ಕುಲಸಚಿವರು ಒಂದು ಸುತ್ತು ತಿರುಗಿ ನೋಡಿ, ಜೂನ್ ಪ್ರವೇಶದೊಳಗೆ ನೀರಿನ ವ್ಯವಸ್ಥೆ ಆಗದಿದ್ದರೆ ತರಗತಿಗಳನ್ನೆಲ್ಲ ಮೈಸೂರಿಗೆ ಸಾಗಿಸುವುದಾಗಿ ಹೇಳಿ ಹೋದರು.

ಕುಲಸಚಿವರಿಗೆ ಅದು ಬರೀ ಸಾಗಣೆಯ ವಿಷಯ. ಹನಕೆರೆಯಿಂದ ಬರುತ್ತಿದ್ದ ನಮ್ಮ ವಿದ್ಯಾರ್ಥಿನಿಗೆ ಹಾಗಲ್ಲ. ಬೆಳಿಗ್ಗೆ ರೈಲಿನಲ್ಲಿ ಮದ್ದೂರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಬರುತ್ತಿದ್ದಳು. ಮೊದಲ ವರ್ಷ ಮುಗಿಯುತ್ತ ಬಂದಿತ್ತು. ಮೈಸೂರಾದರೆ ಓದು ಬೇಡ, ಮದುವೆ ಎಂದು ಅವಳಪ್ಪ ಹೇಳಿಯಾಗಿತ್ತು. ಗಂಡೂ ಗೊತ್ತಾಗಿತ್ತು. ಇಂಥ ಇನ್ನೂ ಐದಾರು ಹೆಣ್ಣುಮಕ್ಕಳಿದ್ದರು. ಇವಳು ಬಾಯಿಬಿಟ್ಟು ಹೇಳಿದಳು, ಅಷ್ಟೇ ವ್ಯತ್ಯಾಸ.

ಬೋರು ಕೊರೆಯುವ ಸರ್ಕಾರದ ಲಾರಿ ಆಗ ತಾಲ್ಲೂಕಿಗೆ ಬಂದಿತ್ತು. ನಮಗೆ ಎರಡು ಗುಂಡಿ ಕೊರೆದುಕೊಡುತ್ತೇವೆ, ಜಾಗ ನೀವೇ ತೋರಿಸಿ ಎಂದರು. ಜಾಗ ಹುಡುಕುವ ಕೆಲಸವನ್ನು ನಮ್ಮ ವಿಭಾಗದ ಮುಖ್ಯಸ್ಥರು, ಅಂದರೆ ನನ್ನ ಆ ಗುರುಗಳು, ನನಗೆ ವಹಿಸಿದರು. ನಾನು ಮೈಸೂರಿನಲ್ಲಿ ಓದುವಾಗ ನೆಲದಡಿಯ ನೀರು ಹುಡುಕುವ ಪೆಟ್ಟಿಗೆಯಲ್ಲಿ ಅಳೆಯುವುದನ್ನು ನನಗೆ ಕಲಿಸಿದ್ದವರು ಅವರೇ. ಈ ಕೇಂದ್ರಕ್ಕೆ ಬರುವಾಗ ನನ್ನನ್ನು ಅಧ್ಯಾಪಕನಾಗಿ ಕರೆದುಕೊಂಡು ಬಂದವರೂ ಅವರೇ. "ನೆಲ ಸುಳ್ಳು ಹೇಳೋದಿಲ್ಲ ಕಣಯ್ಯಾ, ಓದೋವ್ನು ಹೇಳ್ತಾನೆ" ಎನ್ನುತ್ತಿದ್ದರು. ನಾನು ಅದನ್ನು ನಂಬಿದ್ದೆ.

ಕೆಲಸ ಹೀಗೆ. ನಾಲ್ಕು ಕಬ್ಬಿಣದ ಗೂಟಗಳನ್ನು ಒಂದೇ ಸಾಲಿನಲ್ಲಿ, ಸಮಾನ ಅಂತರದಲ್ಲಿ ನೆಲಕ್ಕೆ ಹೊಡೆಯಬೇಕು. ಹೊರಗಿನ ಎರಡರಿಂದ ಬ್ಯಾಟರಿಯ ಕರೆಂಟು ನೆಲಕ್ಕೆ ಹೋಗುತ್ತದೆ. ಒಳಗಿನ ಎರಡರ ನಡುವೆ ಎಷ್ಟು ಒತ್ತಡ ಉಳಿಯಿತೆಂದು ಪೆಟ್ಟಿಗೆಯ ಮುಳ್ಳು ತೋರಿಸುತ್ತದೆ. ಗಟ್ಟಿ ಬಂಡೆ ಕರೆಂಟನ್ನು ತಡೆಯುತ್ತದೆ. ಬಿರುಕುಬಿಟ್ಟು ನೀರು ಕುಡಿದ ಕಲ್ಲು ಬಿಡುತ್ತದೆ, ಆಗ ಮುಳ್ಳು ಇಳಿಯುತ್ತದೆ. ಗೂಟಗಳ ಅಂತರ ಹೆಚ್ಚಿಸಿದಷ್ಟೂ ಇನ್ನಷ್ಟು ಆಳದ ಸುದ್ದಿ ಬರುತ್ತದೆ. ಬೇಸಿಗೆಯಲ್ಲಿ ಮೇಲ್ಮಣ್ಣು ಒಣಗಿ ಗೂಟಕ್ಕೆ ಹಿಡಿತ ಸಿಗುವುದಿಲ್ಲವಾದ್ದರಿಂದ ಪ್ರತಿ ಗೂಟದ ಬುಡಕ್ಕೂ ಉಪ್ಪುನೀರು ಸುರಿಯಬೇಕು. ನೀರು ಹುಡುಕಲು ನೀರು ಕೇಳಿಕೊಂಡು ಹೋದಾಗ ಅಡುಗೆಯಾತ ನನ್ನನ್ನೂ ಕೊಡವನ್ನೂ ಬಹಳ ಹೊತ್ತು ನೋಡಿದ.

"ಸೊಪ್ಪು ತೊಳೆಯಾಕೆ ನೀರಿಲ್ಲ ಅಂತ ಬಸ್ಸಾರೇ ನಿಲ್ಸಿವ್ನಿ ಸಾ. ನೀವು ನೆಲಕ್ಕೆ ಉಪ್ಪುನೀರ್ ಕುಡಿಸ್ತೀರಾ? ಅದಕ್ಕೇನ್ ವಾಂತಿ ಮಾಡ್ಸಬೇಕಾ?"

ಆದರೂ ಕೊಟ್ಟ.

ಮೊದಲ ವಾರದ ಅಳತೆಗಳೆಲ್ಲ ಹಾಳಾದವು. ಎಲ್ಲಿ ಅಳೆದರೂ ಮುಳ್ಳು ಕೆಳಗೇ ಬೀಳುತ್ತಿತ್ತು. ಇಡೀ ದಿಬ್ಬದ ಕೆಳಗೆ ಸಮುದ್ರವಿದೆ ಎಂಬಂತೆ. ಹಳೆಯ ಬಾವಿಯಿಂದ ಶಿಬಿರಕ್ಕೆ ಹೋಗಿದ್ದ ಕಬ್ಬಿಣದ ಪೈಪು ನೆಲದಲ್ಲೇ ಉಳಿದಿದೆ, ಕರೆಂಟು ಅದರೊಳಗೆ ಓಡುತ್ತಿದೆ ಎಂದು ಗೊತ್ತಾಗಲು ಒಂದು ಕಡೆ ಅಗೆಯಬೇಕಾಯಿತು. ಆ ಪೈಪಿನ ದಾರಿ ಗುರುತಿಸಿ, ಅದಕ್ಕೆ ದೂರವಾಗಿ, ಮುಳ್ಳುತಂತಿಯ ಬೇಲಿಗೂ ದೂರವಾಗಿ, ಮತ್ತೆ ಮೊದಲಿನಿಂದ ಶುರುಮಾಡಿದೆ. ಪ್ರತಿ ಜಾಗದಲ್ಲೂ ಒಮ್ಮೆ ಪೂರ್ವ–ಪಶ್ಚಿಮವಾಗಿ, ಒಮ್ಮೆ ಉತ್ತರ–ದಕ್ಷಿಣವಾಗಿ ಅಳೆದೆ.

ಈಶಾನ್ಯದ ಎತ್ತರದಲ್ಲಿ ಕೇಂದ್ರದ ನಿರ್ದೇಶಕರ ಮನೆ, ಗಣಪತಿ ಗುಡಿ. ಅಲ್ಲಿ ನೆಲದಡಿ ಒಂದೇ ಹಾಸುಬಂಡೆ. ನಡುವೆ ತರಗತಿಗಳು. ಅಲ್ಲಿಂದ ನೈರುತ್ಯಕ್ಕೆ ಇಳಿದರೆ ಒಂದು ತಗ್ಗು, ತಗ್ಗಿನಾಚೆಗೆ ಮೂಲೆಯಲ್ಲಿ ಹಾಸ್ಟೆಲು. ಆ ತಗ್ಗಿನಲ್ಲಿ ಮಾತ್ರ ಮುಳ್ಳು ಎರಡೂ ದಿಕ್ಕಿಗೆ ಒಂದೇ ರೀತಿ ಇಳಿಯಿತು. ಗೂಟಗಳ ಅಂತರ ಹೆಚ್ಚಿಸಿದರೂ ತಕ್ಷಣ ಏರಲಿಲ್ಲ. ಅದು ನೀರೇ ಇರಬೇಕೆಂದಿಲ್ಲ, ಜೇಡಿಮಣ್ಣು ಕೂಡ ಹಾಗೇ ತೋರಿಸುತ್ತದೆ. ಅದನ್ನೂ ನಾನು ವರದಿಯಲ್ಲಿ ಬರೆದೆ. ಆ ಅನುಮಾನವೇ ನನಗೆ ಮುಳುವಾಯಿತು.

ಸಭೆಯಲ್ಲಿ ನಿರ್ದೇಶಕರು ವರದಿಯನ್ನು ತೆರೆಯಲೇ ಇಲ್ಲ. ನೈರುತ್ಯದಲ್ಲಿ ಗುಂಡಿ ತೋಡಿದರೆ ಯಜಮಾನನಿಗೆ ಕಂಟಕ, ನೀರು ಈಶಾನ್ಯದಲ್ಲೇ ಇರಬೇಕು, ಇದು ಊರಿಗೆಲ್ಲ ಗೊತ್ತಿರುವ ವಿಷಯ ಎಂದರು. ಸರ್ಕಾರಿ ಕೇಂದ್ರಕ್ಕೆ ಯಜಮಾನ ಯಾರು ಸಾರ್ ಎಂದು ನಾನು ಕೇಳಿದೆ. ಕೇಳಬಾರದಿತ್ತು, ಅಥವಾ ಹಾಗೆ ಕೇಳಿದೆನೆಂದು ಆಮೇಲೆ ನಾನೇ ಸೇರಿಸಿಕೊಂಡೆನೋ ತಿಳಿಯದು. ನೀರಿದೆಯೆಂದು ಖಂಡಿತ ಹೇಳ್ತೀಯಾ ಎಂದರು. ಖಂಡಿತ ಹೇಳಲಾಗದು ಎಂದೆ. ನಾನು ಮುಖ್ಯಸ್ಥರ ಕಡೆ ನೋಡಿದೆ. ಇಡೀ ಸಭೆಯಲ್ಲಿ ಆ ಅಳತೆಯನ್ನು ಓದಬಲ್ಲ ಇನ್ನೊಬ್ಬ ವ್ಯಕ್ತಿ ಅವರು. ಪ್ರೊಫೆಸರ್ ಹುದ್ದೆಗೆ ಅವರ ಹೆಸರು ನಿರ್ದೇಶಕರ ಶಿಫಾರಸಿಗೆ ಕಾದಿತ್ತು. ಆಗ ಬಂದದ್ದು ಆ ರೇಡಿಯೋ ಮಾತು.

ಮುಂದಿನ ವಾರ ನಿರ್ದೇಶಕರು ಕಾಯಿ ಹಿಡಿಯುವವನೊಬ್ಬನನ್ನು ಕರೆಸಿದರು. ಸುಲಿದ ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ನಡೆಯುತ್ತಾರೆ. ಕೆಳಗೆ ನೀರಿದ್ದಲ್ಲಿ ಕಾಯಿ ಜುಟ್ಟು ಮೇಲಾಗಿ ಎದ್ದು ನಿಲ್ಲುತ್ತದೆ ಎಂದು ನಂಬಿಕೆ. ನಾನು ಕಾಯಿಯನ್ನು ನೋಡಲಿಲ್ಲ, ಅವನ ಬೆರಳು ನೋಡಿದೆ. ನಡುಬೆರಳು ಒಂದಿಷ್ಟು ಮಡಿಸಿದರೆ ಸಾಕು, ಅಂಗೈಯಲ್ಲಿ ಗುಳಿ ಬಿದ್ದು ಕಾಯಿ ತಾನಾಗಿ ಏಳುತ್ತದೆ. ಅವನನ್ನು ಈಶಾನ್ಯದಲ್ಲಷ್ಟೇ ನಡೆಸಿದ್ದರಿಂದ ಕಾಯಿಯೂ ಈಶಾನ್ಯದಲ್ಲೇ ಎದ್ದಿತು, ನಿರ್ದೇಶಕರಿಗೆ ಕುರ್ಚಿ ಹಾಕಿದ್ದ ಜಾಗದ ಹತ್ತಿರ. ಮುಖ್ಯಸ್ಥರು ಪೂಜೆಯ ತಟ್ಟೆ ಹಿಡಿದು ಅವನ ಹಿಂದೆ ನಡೆದರು. ಇದು ನನ್ನ ಕಲ್ಪನೆಯಲ್ಲ. ಆ ದಿನದ ಫೋಟೊ ಬಹುಕಾಲ ಕಚೇರಿಯ ಗೋಡೆಯ ಮೇಲಿತ್ತು.

ಲಾರಿ ಎರಡು ದಿನ ಕೊರೆಯಿತು. ಮೊದಲಿನಿಂದ ಕೊನೆಯವರೆಗೆ ಒಣ ಬಿಳಿ ಪುಡಿ. ರಾಗಿ ಬೀಸುವ ಗಿರಣಿಯಲ್ಲಿ ನಿಂತವರಂತೆ ನಿರ್ದೇಶಕರ ಹುಬ್ಬು, ಗುಡಿಯ ಗಣಪತಿ, ಒಣಗಲು ಹಾಕಿದ್ದ ಸೀರೆಗಳು, ಎಲ್ಲ ಬೆಳ್ಳಗಾದವು. ಕಾಯಿ ಹಿಡಿದಿದ್ದವನು ಸುದ್ದಿ ಕೇಳಿ ಊರು ಬಿಟ್ಟು ಹೋದ. ಕೊರೆಯುವವರು ಇನ್ನೊಂದು ಗುಂಡಿ ಮುಗಿಸಿ ಸೋಮವಾರ ಹೊರಡಬೇಕೆಂದರು. ನನಗಾದ ಸಂತೋಷವನ್ನು ನಾನು ಮುಚ್ಚಿಡಲಿಲ್ಲ. ಬಿಳಿ ಪುಡಿಯನ್ನು ಒಂದು ಬಾಟಲಿಗೆ ತುಂಬಿ, ಚೀಟಿ ಅಂಟಿಸಿ, ವಿಭಾಗದ ಮಾದರಿಗಳ ಕಪಾಟಿನಲ್ಲಿ ಮುಖ್ಯಸ್ಥರ ಕಣ್ಣಿಗೆ ಬೀಳುವ ಕಡೆ ಇಟ್ಟೆ.

ಅದೇ ಸಂಜೆ ಮುಖ್ಯಸ್ಥರು ಭಾರತೀನಗರದಲ್ಲಿದ್ದ ನನ್ನ ಬಾಡಿಗೆ ಕೋಣೆಗೆ ಬಂದರು. ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆಗೆ ಮೂಗಿಗೆ ಕರ್ಚೀಫು ಒತ್ತಿಕೊಂಡು, ಇದ್ದ ಒಂದು ಕುರ್ಚಿಯಲ್ಲಿ ಕೂತರು. ಸಭೆಯ ವಿಷಯ ಎತ್ತಲಿಲ್ಲ. ಒಂದು ಉಪಾಯ ತಂದಿದ್ದರು, ಒಳ್ಳೆಯ ಉಪಾಯ. ತಗ್ಗನ್ನು ಸೇರಿಸಿ ಹಾಸ್ಟೆಲಿನ ಸುತ್ತ ಬೇರೆ ಬೇಲಿ ಹಾಕಿಸಿಬಿಟ್ಟರೆ ಅದು ಬೇರೆ ನಿವೇಶನವಾಗುತ್ತದೆ. ಆಗ ನನ್ನ ತಗ್ಗು ಹಾಸ್ಟೆಲಿಗೆ ಈಶಾನ್ಯ. ನಿರ್ದೇಶಕರ ನೈರುತ್ಯದಲ್ಲಿ ಗುಂಡಿಯೂ ಇರುವುದಿಲ್ಲ. ನಿರ್ದೇಶಕರನ್ನು ಒಪ್ಪಿಸಿದ್ದೇನೆ, ಆದರೆ ಕಾಯಿ ಎದ್ದು ತೋರಿಸಬೇಕು ಅಂತಾರೆ, ಇನ್ನೊಬ್ಬ ಕಾಯಿಯವನನ್ನು ಹುಡುಕುತ್ತೇನೆ, ನೀನು ಜಾಗಕ್ಕೊಂದು ಗುರುತು ಹಾಕಿಕೊಡು ಎಂದರು.

ನೀರು ಬಂದರೆ ಅದು ಕಾಯಿಯ ಮಹಿಮೆ. ನಾನು ರೇಡಿಯೋ ಮೇಷ್ಟ್ರಾಗಿಯೇ ಉಳಿಯುತ್ತೇನೆ. ಇದು ಅವರಿಗೆ ಹೊಳೆದಿರಲಿಲ್ಲವೋ, ಹೊಳೆದೂ ಬಂದಿದ್ದರೋ. ಯೋಚಿಸಿ ಹೇಳುತ್ತೇನೆ ಎಂದು ಕಳಿಸಿದೆ. ಜಾಗ ಕೊಡದಿರುವುದೇ ಸರಿ ಎಂದು ತೀರ್ಮಾನಿಸಿಕೊಂಡಿದ್ದೆ. ಕೇಂದ್ರ ಮುಚ್ಚಲಿ, ಮುಚ್ಚಿದ್ದು ಯಾರಿಂದ ಎಂದು ಊರಿಗೆ ತಿಳಿಯಲಿ.

ಬೆಳಿಗ್ಗೆ ಬಸ್ಸಿಳಿದಾಗ ಹನಕೆರೆಯ ಹುಡುಗಿ ಎದುರಾದಳು. ಬೇಲಿಯ ವಿಷಯ ಆಗಲೇ ಹಾಸ್ಟೆಲಿಗೆಲ್ಲ ಗೊತ್ತಾಗಿತ್ತು.

"ತಗ್ಗಲ್ಲಿ ನೀರೈತಾ ಸಾರ್?"

"ಇರಬಹುದು."

"ಇರಬಹುದು ಅಂದ್ರೆ ನಮ್ಮಪ್ಪಂಗೆ ಆಗಲ್ಲ. ಬುಧವಾರ ಲಗ್ನಪತ್ರಿಕೆ ಬರೆಸಾಕೆ ಹೊಂಟವ್ರೆ. ನಿಮ್ಮ ಸಿಟ್ಟನ್ನ ಬೋರ್ ಬಂದ್ಮೇಲೆ ತೀರಿಸ್ಕೊಳ್ಳಿ ಸಾರ್. ಅದೇನು ಬತ್ತೋಗ್ತದಾ?"

ಅವಳು ಹೇಳಿದ ಕ್ರಮ ನನಗೆ ಸರಿಕಂಡಿತು. ಆದರೆ ಬೋರು ಬಂದಮೇಲೆ ನನ್ನ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ತೀರಿಸಿಕೊಳ್ಳುವುದಾದರೆ ಬೋರಿನ ಜೊತೆಗೇ ಆಗಬೇಕು. ವಿಭಾಗದ ಮೆಟ್ಟಿಲು ಹತ್ತುವಷ್ಟರಲ್ಲಿ ಅದು ಹೇಗೆಂದು ಗೊತ್ತಾಗಿತ್ತು. ನೇರ ಮುಖ್ಯಸ್ಥರ ಕೋಣೆಗೆ ಹೋದೆ. ಜಾಗ ತೋರಿಸುತ್ತೇನೆ, ಬೇರೆ ಕಾಯಿಯವನು ಬೇಡ, ಕಾಯಿಯನ್ನು ನೀವೇ ಹಿಡಿಯಬೇಕು ಎಂದೆ.

ಅವರು ನಗಲು ನೋಡಿದರು. ನಾನು ನಗಲಿಲ್ಲ.

"ನಾನು ಇಲ್ಲಿ ಪಾಠ ಮಾಡ್ಬೇಕು ಕಣಯ್ಯಾ."

"ನಾನೂ ಮಾಡ್ಬೇಕಲ್ಲ ಸಾರ್. ರೇಡಿಯೋ ಇಟ್ಕೊಂಡೇ ಮಾಡ್ತಿದೀನಿ."

ಅವರು ಕಪಾಟಿನ ಬಾಟಲಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಕೇಳಿದ್ದು ಒಂದೇ, ಕಾಯಿ ನಿಲ್ಲಿಸುವುದು ಹೇಗೆ. ಬಾಗಿಲು ಹಾಕಿಕೊಂಡು, ನಡುಬೆರಳು ಎಷ್ಟು ಮಡಿಸಬೇಕು, ಹೆಬ್ಬೆರಳಿಗೆ ಎಲ್ಲಿ ಆನಿಸಬೇಕು ಎಂದು ನಾನೇ ತೋರಿಸಿಕೊಟ್ಟೆ. ಗೂಟ ಹೊಡೆಯುವುದನ್ನು ಕಲಿಸುವಾಗ ಅವರು ನನ್ನ ಮಣಿಕಟ್ಟು ಹಿಡಿದು ತೋರಿಸಿದ್ದರು. ನಾನೂ ಅವರ ಮಣಿಕಟ್ಟು ಹಿಡಿದು ತೋರಿಸಿದೆ.

ನಿರ್ದೇಶಕರಿಗೆ ಸುಲಭಕ್ಕೆ ನಂಬಿಕೆ ಬರಲಿಲ್ಲ. ಎಲ್ಲರ ಕೈಗೂ ಕಾಯಿ ಏಳುವುದಿಲ್ಲವಲ್ಲ. ಆಗ ಮುಖ್ಯಸ್ಥರು, ತಾನು ಕಾಲು ಮುಂದಾಗಿ ಹುಟ್ಟಿದವನು ಎಂದು ತಾಯಿ ಹೇಳುತ್ತಿದ್ದರು ಎಂದರು. ಹಾಗೆ ಹುಟ್ಟಿದವರ ಕಾಲಿಗೆ, ಕೈಗೆ ಗುಣವಿದೆಯೆಂದು ನಮ್ಮ ಕಡೆ ನಂಬುತ್ತಾರೆ. ನಿರ್ದೇಶಕರು ಕೂಡಲೇ ಒಪ್ಪಿದರು. ಅದು ನಿಜವೋ, ಆ ಕ್ಷಣಕ್ಕೆ ಹೊಳೆದದ್ದೋ ನನಗೆ ಗೊತ್ತಿಲ್ಲ. ನಾನು ಹೇಳಿಕೊಟ್ಟದ್ದಂತೂ ಅಲ್ಲ.

ತಗ್ಗನ್ನೂ ಹಾಸ್ಟೆಲನ್ನೂ ಸೇರಿಸಿ ಸುತ್ತ ಕಲ್ಲುಕಂಬ ನೆಟ್ಟು ಕತ್ತಾಳೆ ಬೇಲಿ ಹಾಕಿದರು. ತಂತಿ ಬೇಡ, ಇನ್ನೊಮ್ಮೆ ಅಳೆಯಬೇಕಾದೀತು ಎಂದು ನಾನು ಹಟ ಹಿಡಿದಿದ್ದೆ. ಅಳೆದೂ ನೋಡಿದೆ. ಮುಳ್ಳು ಅದೇ ಜಾಗಕ್ಕೆ ಬಂದು ನಿಂತಿತು. ಅಷ್ಟಾದರೂ ಜೇಡಿಯೋ ನೀರೋ ಎಂಬುದು ಖಾತ್ರಿಯಿರಲಿಲ್ಲ. ಬಂದದ್ದು ಜೇಡಿಯಾದರೆ ಅವರ ಜೊತೆ ನಾನೂ ಮುಳುಗುತ್ತಿದ್ದೆ, ಆ ಹುಡುಗಿಯೂ.

ಕಾಯಿ ಹಿಡಿಯುವುದನ್ನು ನೋಡಲು ತರಗತಿಗಳು ಖಾಲಿಯಾದವು. ಕೆಳಗಿನ ಗದ್ದೆಗಳಿಂದ ರೈತರೂ ಬಂದಿದ್ದರು. ಭೂವಿಜ್ಞಾನದ ಮುಖ್ಯಸ್ಥರು ಚಪ್ಪಲಿ ಬಿಟ್ಟು, ಪ್ಯಾಂಟು ಮೇಲೆ ಮಡಿಸಿ, ಅಂಗೈಯಲ್ಲಿ ತೆಂಗಿನಕಾಯಿ ಮಲಗಿಸಿಕೊಂಡು ತಗ್ಗಿಗಿಳಿದರು. ನಾನು ಗುರುತಿಗೆಂದು ಹೂತಿದ್ದ ಕಲ್ಲಿನ ಹತ್ತಿರ ಬಂದಾಗ ಅವರು ಕಣ್ಣು ಮುಚ್ಚಿಕೊಂಡರು. ಮುಚ್ಚಿದ್ದಕ್ಕೇ ಎಲ್ಲರಿಗೂ ಇನ್ನಷ್ಟು ನಂಬಿಕೆ ಬಂತು. ಕಾಯಿ ಎದ್ದು ನಿಂತಿತು. ಹಿಂದಿನಿಂದ ಅಡುಗೆಯಾತ ಹೇಳಿದ್ದು ತಗ್ಗಿಗೆಲ್ಲ ಕೇಳಿಸಿತು.

"ಇಷ್ಟೊಂದ್ ಓದವ್ರು ಹಿಡಿದ್ರೆ ಯಾವ್ ಕಾಯಿ ತಾನೆ ಕೂತ್ಕಂಡಾತು, ಎದ್ದು ನಿಲ್ಲಲೇಬೇಕು ಬುಡ್ರಪ್ಪ."

ಹುಡುಗರು ನಕ್ಕರು. ಮುಖ್ಯಸ್ಥರು ಜನರ ನಡುವೆ ನನ್ನನ್ನು ಹುಡುಕಿ ನೋಡಿದರು. ಸಭೆಯಲ್ಲಿ ನಾನು ಅವರನ್ನು ನೋಡಿದ್ದೆನಲ್ಲ, ಹಾಗೆ. ನಾನು ಬೇಲಿಯ ಕಡೆ ನೋಡುತ್ತ ನಿಂತೆ.

ಕೊರೆತ ಶುರುವಾಯಿತು. ಮೇಲೆ ಕಪ್ಪು ಜೇಡಿ ಬಂತು. ಜೇಡಿ ಮುಗಿದು ಬೂದುಬಣ್ಣದ ಪುಡಿಕಲ್ಲು. ಒಂದೊಂದು ರಾಡು ಇಳಿದಾಗಲೂ ಬಾಣಲೆಯಲ್ಲಿ ಚೂರು ಹಿಡಿದು ಬೆರಳಲ್ಲಿ ಉಜ್ಜಿ ನೋಡುತ್ತಿದ್ದೆ. ಮಧ್ಯಾಹ್ನ ಪುಡಿ ಒದ್ದೆಯಾಗಿ ಉಂಡೆ ಕಟ್ಟತೊಡಗಿತು, ದೂಳು ನಿಂತಿತು. ಆಮೇಲೆ ಗುಂಡಿಯೊಳಗೆ ಕಲ್ಲು ಒಡೆಯುವ ಸುತ್ತಿಗೆಯ ಸದ್ದು ಬದಲಾಯಿತು. ಟಣ್ ಎನ್ನುತ್ತಿದ್ದದ್ದು ದಬ್ ಎನ್ನತೊಡಗಿತು. ಬಿರುಕು ಸಿಕ್ಕಿತ್ತು. ಕೆಸರುನೀರು ಲಾರಿಯ ಕಂಬದ ಎತ್ತರಕ್ಕೆ ಹಾರಿತು. ಹುಡುಗರು ಕುಣಿದರು. ಹನಕೆರೆಯ ಹುಡುಗಿ ಕುಣಿಯಲಿಲ್ಲ. ಕೈಚೀಲ ತೆಗೆದುಕೊಂಡು ಸಂಜೆಯ ರೈಲಿಗೆ ಮೊದಲೇ ಬಸ್ಸು ಹಿಡಿಯಲು ಓಡಿದಳು, ಅಪ್ಪನಿಗೆ ಹೇಳಬೇಕಿತ್ತು. ಜೂನ್‌ನಲ್ಲಿ ಎರಡನೆಯ ವರ್ಷದ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂತಿದ್ದಳು.

ನಾನು ಎಣಿಸಿದ್ದು ಒಂದು ದಿನದ ಅವಮಾನವನ್ನು. ಊರವರು ಅದನ್ನು ಅಷ್ಟಕ್ಕೆ ಬಿಡಲಿಲ್ಲ. ಮುಂದಿನ ಭಾನುವಾರವೇ ಮಳವಳ್ಳಿ ಕಡೆಯಿಂದ ಒಂದು ಜೀಪು ಮುಖ್ಯಸ್ಥರ ಮನೆ ಮುಂದೆ ಬಂದು ನಿಂತಿತು. "ನಮ್ಮೊಲಕ್ಕೂ ಒಸಿ ಬಂದು ಕಾಯಿ ಇಡೀರಿ ಸಾಮಿ." ನಿಜ ಹೇಳಿದರೆ ನಿರ್ದೇಶಕರಿಗೆ ಮೋಸ ಮಾಡಿದ್ದು ಹೊರಬರುತ್ತದೆ, ಹೇಳದಿದ್ದರೆ ಹೋಗಬೇಕು. ಹೋದರು. ಕಾಲು ಮುಂದಾಗಿ ಹುಟ್ಟಿದ ಸುದ್ದಿಯೂ ಹರಡಿ, ಸೊಂಟ ಹಿಡಿದುಕೊಂಡವರು ಬಂದು ಬೆನ್ನು ಮಾಡಿ ನಿಂತು, ಕಾಲಿನಿಂದ ಸೋಕಿಸಿ ಎಂದು ಕೇಳತೊಡಗಿದರು. ರೇಡಿಯೋ ಮೇಷ್ಟ್ರು ಎಂಬ ಹೆಸರು ಬಿದ್ದುಹೋಯಿತು. ಆವರಣದಲ್ಲಿ ಈಗ ಕಾಯಿ ಮೇಷ್ಟ್ರು ಇದ್ದರು. ನೆಲವನ್ನು ಅಳೆಯುವ ಪಾಠಕ್ಕೆ ಅವರು ಕೋಣೆಗೆ ಬಂದ ದಿನ ಮೇಜಿನ ಮೇಲೆ ಯಾರೋ ಒಂದು ಸುಲಿದ ಕಾಯಿ ಇಟ್ಟಿದ್ದರು. ಅದನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ಹೊರಗೆ ನಡೆದರು. ಆ ಪಾಠವನ್ನು ಮತ್ತೆ ಮಾಡಲಿಲ್ಲ. ನಾನು ಮಾಡಿದೆ.

ಪ್ರೊಫೆಸರ್ ಹುದ್ದೆ ಸಿಕ್ಕಿತು. ಸಿಕ್ಕ ವಾರವೇ ಮತ್ತೆ ನನ್ನ ಕೋಣೆಗೆ ಬಂದರು. ಯಾರದೋ ಹೊಲಕ್ಕೆ ಹೋಗಬೇಕಿತ್ತು, ಒಣನೆಲ, ಹೋಗದೆ ವಿಧಿಯಿರಲಿಲ್ಲ. ಹಿಂದಿನ ದಿನ ಯಾರಿಗೂ ತಿಳಿಯದಂತೆ ಪೆಟ್ಟಿಗೆ ತಂದು ಒಂದು ಸಲ ಅಳೆದುಕೊಡು ಎಂದರು.

"ಅದು ರೇಡಿಯೋ ಸಾರ್" ಎಂದೆ.

ಅವರು ಕುರ್ಚಿಯಿಂದೆದ್ದು ಹೋದದ್ದು ನೆನಪಿದೆ. ಆ ಹೊಲಕ್ಕೆ ಮಾರನೆಯ ದಿನ ನಾನೇ ಬೇರೆಯಾಗಿ ಹೋಗಿ, ರೈತನ ಎದುರಿಗೇ ಅಳೆದು ಜಾಗ ತೋರಿಸಿದೆ. ರೈತನ ಮೇಲೆ ನನಗೆ ಯಾವ ಹಗೆಯೂ ಇರಲಿಲ್ಲ. ಆದರೆ ಅವನು ಮುಖ್ಯಸ್ಥರ ಕಾಯಿ ಬಂದು ನಿಲ್ಲುವವರೆಗೂ ಗುದ್ದಲಿ ಮುಟ್ಟಲಿಲ್ಲ.

ಬಹಳ ವರ್ಷಗಳಾದಮೇಲೆ ಮಂಡ್ಯದ ಒಂದು ಮದುವೆಯ ಊಟದ ಸಾಲಿನಲ್ಲಿ ಹನಕೆರೆಯ ಹುಡುಗಿ ನನ್ನ ಪಕ್ಕದಲ್ಲಿ ಕೂತಳು. ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದಳು, ಕೂದಲು ನರೆಯತೊಡಗಿತ್ತು. ಕಾಯಿಯ ಕಥೆ ಹೇಳಿ ಇಬ್ಬರೂ ನಕ್ಕೆವು. ರೇಡಿಯೋ ಮಾತಿಗೆ ಬಂದಾಗ ಅವಳು ನನ್ನನ್ನು ತಡೆದಳು. ಆ ಸಭೆಗೆ ವಿದ್ಯಾರ್ಥಿಗಳ ಪ್ರತಿನಿಧಿಯಾಗಿ ಅವಳೂ ಬಂದಿದ್ದಳಂತೆ. ನನಗೆ ಅದು ನೆನಪೇ ಇಲ್ಲ.

"ಆ ಮಾತು ಆಡಿದ್ದು ಡೈರೆಕ್ಟರು ಸಾರ್. ನಮ್ಮ ಕಾಯಿ ಮೇಷ್ಟ್ರು ಬಾಯೇ ಬಿಡ್ನಿಲ್ಲ. ಮುರಿದ ಕುರ್ಚಿ ಕೈ ಹಿಡ್ಕಂಡು ಕೂತಿದ್ರು ಕಣ್ರೀ, ಪಾಪ."

ಕುರ್ಚಿಯ ನೆನಪು ಸರಿಯಾಗಿತ್ತು. ಮಾತು ಅವರದಲ್ಲ. ಆ ರಾತ್ರಿ ಬಸ್ಸಿನಲ್ಲಿ ನಾನು ಅದನ್ನು ಬೇರೆ ಬೇರೆ ದಿಕ್ಕಿನಿಂದ ಅಳೆದು ನೋಡಿದೆ. ಆ ದನಿ ಒಮ್ಮೆ ನಿರ್ದೇಶಕರದಾಗಿ ಕೇಳಿಸಿತು, ಒಮ್ಮೆ ಇವರದಾಗಿ. ಅವಳ ನೆನಪೇ ಸರಿಯೆಂದು ಇಟ್ಟುಕೊಂಡೆ. ಆಗ ಉಳಿಯುವುದು ಇಷ್ಟು: ಅಳತೆಯನ್ನು ಓದಬಲ್ಲವರೊಬ್ಬರು ಅಲ್ಲಿ ಕೂತಿದ್ದರು, ಓದಲಿಲ್ಲ. ಬೈದಿದ್ದರೆ ಒಂದು ದಿನ ಮರೆಯುತ್ತಿದ್ದೆನೋ ಏನೋ. ಬಸ್ಸು ಮದ್ದೂರು ದಾಟುವ ಹೊತ್ತಿಗೆ ನನಗೆ ಸಮಾಧಾನವಾಗಿತ್ತು. ಆಡಿದ ಮಾತಿಗೆಂದು ಕೊಟ್ಟಿದ್ದ ಶಿಕ್ಷೆ ಆಡದ ಮಾತಿಗೇ ಹೆಚ್ಚು ಒಪ್ಪುತ್ತಿತ್ತು. ಕಾಯಿ ಹಿಡಿದುಕೊಂಡು ಹೊಲ ಹೊಲ ಅಲೆದಷ್ಟು ವರ್ಷವೂ ಅವರು ಬಾಯಿ ಬಿಡುವ ಹಾಗಿರಲಿಲ್ಲ.